ವಾಷಿಂಗ್ಟನ್ ಅನ್ನೋ ಹೆಸರು ಯಾರದು?

ಹಾಸ್ಟೆಲಿನಲ್ಲಿ ಒಂದು ರಾತ್ರಿ. ಊಟ ಮುಗಿದಿತ್ತು. ಮುದ್ದೆ ಎಂದಿನಂತೆ ಕಲ್ಲು, ಸಾರು ಎಂದಿನಂತೆ ನೀರು. ಪರೀಕ್ಷೆಗೆ ಓದುತ್ತಿದ್ದ ಗೆಳೆಯನೊಬ್ಬ ಜನರಲ್ ನಾಲೆಡ್ಜ್ ಗೈಡು ಹಿಡಿದುಕೊಂಡು ಉಳಿದವರಿಗೆ ಪ್ರಶ್ನೆ ಹಾಕ್ತಾ ಕೂತಿದ್ದ. ಅಮೆರಿಕದ ಷಿಕಾಗೋ ನಗರದ ಮೊದಲ ಕರಿಯ ಮೇಯರ್ ಯಾರು? ಹೆರಾಲ್ಡ್ ವಾಷಿಂಗ್ಟನ್. ವಾಷಿಂಗ್ಟನ್ ನಗರದ ಮೊದಲ ಕರಿಯ ಮೇಯರ್ ಯಾರು? ವಾಲ್ಟರ್ ವಾಷಿಂಗ್ಟನ್. 'ಲೋ, ಇಬ್ರೂ ಅಣ್ತಮ್ಮಂದಿರೇನೋ' ಅಂದ ಒಬ್ಬ. 'ಇಲ್ಲ ಕಣೋ, ಜಾರ್ಜ್ ವಾಷಿಂಗ್ಟನ್ ವಂಶದೋರಿರಬೇಕು' ಅಂದ ಇನ್ನೊಬ್ಬ. ಯಾವಾಗಲೂ ಮೂಲೇಲಿ ಕೂತು ಎಲ್ಲರ ಮಾತು ಕೇಳಿಸ್ಕೊಳ್ಳೋ ಹುಡುಗ ಒಬ್ಬನಿದ್ದಾನೆ. ಅವನು ಮೆಲ್ಲಗೆ, 'ಜಾರ್ಜ್ ವಾಷಿಂಗ್ಟನ್ ಬಿಳಿಯ ಅಲ್ವಾ? ಅವನ ಹೆಸರು ಇವರಿಗೆ ಹೆಂಗೆ ಬಂತು?' ಅಂದ.

ಗೈಡಲ್ಲಿ ಆ ಪ್ರಶ್ನೆ ಇರಲಿಲ್ಲ, ಉತ್ತರವೂ ಇರಲಿಲ್ಲ. ಆ ರಾತ್ರಿ ಗೊತ್ತಿದ್ದಷ್ಟು ಮಾತಾಡಿದೆವು. ಉಳಿದದ್ದನ್ನು ಆಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದೆವು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದು ಬರೀ ಗೈಡಿನ ಪ್ರಶ್ನೆಯಲ್ಲ, ನಮ್ಮದೂ ಹೌದು ಅಂತ ಅನ್ನಿಸಿದ್ದರಿಂದ.

ಮೊದಲು ಲೆಕ್ಕ ನೋಡಿ. ಅಮೆರಿಕದ 2000ನೇ ಇಸವಿಯ ಜನಗಣತಿಯಲ್ಲಿ ವಾಷಿಂಗ್ಟನ್ ಅನ್ನೋ ಮನೆಹೆಸರಿನವರು ಒಂದೂವರೆ ಲಕ್ಷಕ್ಕೂ ಮೇಲೆ ಸಿಕ್ಕರು. ಅವರಲ್ಲಿ ನೂರಕ್ಕೆ ಹತ್ತಿರಹತ್ತಿರ 90 ಜನ ಕರಿಯರು. ಆ ದೇಶದ ಮೊದಲ ಅಧ್ಯಕ್ಷ, ನೋಟಿನ ಮೇಲೆ ಮುಖ ಇರುವವನು, ರಾಜಧಾನಿಗೇ ಹೆಸರು ಕೊಟ್ಟವನು. ಆದರೆ ಅವನ ಹೆಸರು ಹೊತ್ತು ತಿರುಗುವವರು ಅವನ ಬಣ್ಣದವರಲ್ಲ. ಅವನ ಹೊಲದಲ್ಲಿ ದುಡಿದವರ ಬಣ್ಣದವರು.

ವಂಶ ಅಂದ ಗೆಳೆಯನಿಗೆ ಒಂದು ಮಾತು. ಜಾರ್ಜ್ ವಾಷಿಂಗ್ಟನ್ನನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಇದ್ದದ್ದು ಗುಲಾಮರು. 1799ರಲ್ಲಿ ಅವನು ಸತ್ತಾಗ ಮೌಂಟ್ ವೆರ್ನನ್ ಅನ್ನುವ ಅವನ ಜಮೀನಿನಲ್ಲಿ 317 ಜನ ಗುಲಾಮರಿದ್ದರು. ಅವರಲ್ಲಿ 123 ಜನ ಅವನ ಸ್ವಂತದವರು. ಉಳಿದವರು ಹೆಚ್ಚಿನವರು ಹೆಂಡತಿಯ ಮೊದಲ ಗಂಡನ ಆಸ್ತಿಗೆ ಸೇರಿದವರು. ಹೌದು, ಆಸ್ತಿ. ದನ, ಕುರಿ, ಗುದ್ದಲಿ, ಮನುಷ್ಯರು, ಎಲ್ಲ ಒಂದೇ ಪಟ್ಟಿ. ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡಿದ ಮಹಾಪುರುಷ ಬದುಕಿರೋವರೆಗೂ ತನ್ನ ಹಟ್ಟಿಗೆ ಸ್ವಾತಂತ್ರ್ಯ ಕೊಡಲಿಲ್ಲ. ತನ್ನವರನ್ನು ಬಿಡಬೇಕು ಅಂತ ಉಯಿಲು ಬರೆದಿಟ್ಟ, ಅದೂ ಹೆಂಡತಿ ಸತ್ತ ಮೇಲೆ ಅಂತ. ಆಕೆಯೇ 1801ರ ಜನವರಿ 1ರಂದು ಆ 123 ಜನರಿಗೆ ಬಿಡುಗಡೆ ಕೊಟ್ಟಳು. ತನ್ನ ಸಾವಿಗಾಗಿ ಕಾಯುತ್ತಿರುವ ನೂರಿಪ್ಪತ್ತು ಜನರ ನಡುವೆ ಮಲಗುವುದು ಯಾರಿಗಾದರೂ ಕಷ್ಟವೇ!

ಆ ಮನೆಯಿಂದ ಇಬ್ಬರು ಓಡಿಹೋದದ್ದನ್ನು ಇಲ್ಲಿ ಹೇಳಲೇಬೇಕು. ಯಾವ ಗೈಡಿನಲ್ಲೂ ಅವರ ಹೆಸರು ಬರೋದಿಲ್ಲ. ಓನಾ ಜಡ್ಜ್ ಅನ್ನುವ ಹೆಣ್ಣುಮಗಳು 1796ರಲ್ಲಿ ಅಧ್ಯಕ್ಷನ ಮನೆಯಿಂದಲೇ ತಪ್ಪಿಸಿಕೊಂಡಳು. ಅಧ್ಯಕ್ಷ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿದ, ಜನ ಬಿಟ್ಟು ಹುಡುಕಿಸಿದ. ಸಿಕ್ಕಲಿಲ್ಲ, ಅಂದರೆ ಸಿಕ್ಕಿದರೂ ಆಕೆ ಬರಲಿಲ್ಲ. ಇನ್ನೊಬ್ಬ ಹ್ಯಾರಿ. 1776ರಲ್ಲೇ ಓಡಿಹೋಗಿ ಬ್ರಿಟಿಷರ ಕಡೆ ಸೇರಿಕೊಂಡ. ಯುದ್ಧ ಸೋತ ಬ್ರಿಟಿಷರ ಜೊತೆ ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೋದ, ಅಲ್ಲಿಂದ ಆಫ್ರಿಕದ ಸಿಯೆರಾ ಲಿಯೋನಿಗೆ. 1800ರಲ್ಲಿ ಅಲ್ಲಿನ ಕಂಪನಿ ಆಡಳಿತದ ವಿರುದ್ಧ ದಂಗೆ ಎದ್ದವರಲ್ಲಿ ಅವನೂ ಇದ್ದ. ಗಡೀಪಾರಾದ. ಕಾಗದಪತ್ರಗಳಲ್ಲಿ ಅವನ ಹೆಸರು ಹ್ಯಾರಿ ವಾಷಿಂಗ್ಟನ್. ಒಡೆಯನಿಂದ ಓಡಿಹೋದ, ಒಡೆಯನ ಹೆಸರನ್ನೂ ಎತ್ತಿಕೊಂಡು ಹೋದ. ಒಬ್ಬ ವಾಷಿಂಗ್ಟನ್ ಬ್ರಿಟಿಷರ ವಿರುದ್ಧ ದಂಗೆ ಎದ್ದು ರಾಷ್ಟ್ರಪಿತನಾದ. ಇನ್ನೊಬ್ಬ ವಾಷಿಂಗ್ಟನ್ ಬ್ರಿಟಿಷರ ವಿರುದ್ಧ ದಂಗೆ ಎದ್ದು ಗಡೀಪಾರಾದ. ಹೆಸರು ಒಂದೇ. ನ್ಯಾಯ ಬೇರೆ ಬೇರೆ.

ಆದರೆ ಈಗ ಆ ಹೆಸರು ಹೊತ್ತ ಕರಿಯರೆಲ್ಲ ಮೌಂಟ್ ವೆರ್ನನ್ನಿನಿಂದ ಬಂದವರಲ್ಲ. 1865ರಲ್ಲಿ ಗುಲಾಮಗಿರಿ ಮುಗಿದಾಗ ಲಕ್ಷಾಂತರ ಜನಕ್ಕೆ ಒಮ್ಮೆಲೇ ಎರಡನೆಯ ಹೆಸರು ಬೇಕಾಯಿತು. ಕೂಲಿ ಪಟ್ಟಿಗೆ, ಮದುವೆ ನೋಂದಣಿಗೆ, ಶಾಲೆಯ ಹಾಜರಿಗೆ. ಕೆಲವರು ಒಡೆಯನ ಹೆಸರೇ ಇಟ್ಟುಕೊಂಡರು, ಮಾರಿಹೋದ ಅಣ್ಣ ತಮ್ಮ ಹುಡುಕಿಕೊಂಡು ಬಂದರೆ ಗುರುತಿಗೆ ಇರಲಿ ಅಂತ. ಕೆಲವರು ಒಡೆಯನ ಹೆಸರಿಗೆ ಉಗಿದು ಬೇರೆ ಆರಿಸಿಕೊಂಡರು. ಕೆಲವರು ತಾವು ಕೇಳಿದ್ದ ಹೆಸರುಗಳಲ್ಲೇ ದೊಡ್ಡದನ್ನು ಎತ್ತಿಕೊಂಡರು.

ಬುಕರ್ ಟಿ. ವಾಷಿಂಗ್ಟನ್ ಎಂಬಾತ ತನ್ನ ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾನೆ. ಹುಟ್ಟಾ ಗುಲಾಮ. ಶಾಲೆಗೆ ಹೋದಾಗ ಮೇಷ್ಟ್ರು ಹಾಜರಿ ಕರೆಯುತ್ತಿದ್ದಾರೆ. ಉಳಿದ ಹುಡುಗರಿಗೆಲ್ಲ ಎರಡೆರಡು ಹೆಸರು. ಇವನಿಗೆ ಒಂದೇ, ಬುಕರ್. ಸರದಿ ಹತ್ತಿರ ಬರುತ್ತಿದ್ದ ಹಾಗೆ ಹುಡುಗನಿಗೆ ಬೆವರು. ಮೇಷ್ಟ್ರು ಪೂರ್ತಿ ಹೆಸರು ಕೇಳಿದ ಕೂಡಲೆ 'ಬುಕರ್ ವಾಷಿಂಗ್ಟನ್' ಅಂದುಬಿಟ್ಟ, ಹುಟ್ಟಿದಾಗಿನಿಂದ ಅದೇ ಹೆಸರು ಅನ್ನೋ ಹಾಗೆ. ಈ ಮನುಷ್ಯನ ರಾಜಕೀಯ ನಮಗೆ ಒಪ್ಪಿಗೆಯಿಲ್ಲ. ಬಿಳಿಯರ ಎದುರು ತಗ್ಗಿ ನಡೆಯಿರಿ, ಕಸುಬು ಕಲಿಯಿರಿ, ಹಕ್ಕು ಆಮೇಲೆ ಅಂತ ಹೇಳಿಕೊಂಡು ಬಂದವನು. ಆದರೆ ಹಾಜರಿಯ ಮುಂದೆ ಬೆವರಿದ ಆ ಹುಡುಗನನ್ನು ನಾವು ಬಿಟ್ಟುಕೊಡಲಾರೆವು. ಅವನು ನಮ್ಮವನು.

ಯಾಕೆಂದರೆ ಹಾಜರಿಯ ಬೆವರು ನಮಗೂ ಗೊತ್ತು. ನಮ್ಮ ಹಳೇ ಮೈಸೂರು ಸೀಮೆಯ ಕಡೆ ಮನೆಹೆಸರಿಲ್ಲ, ಇನಿಷಿಯಲ್ಲು. ಊರಿನ ಅಕ್ಷರ ಒಂದು, ಅಪ್ಪನ ಅಕ್ಷರ ಒಂದು. ಊರಿನ ಹೆಸರು ನಮ್ಮ ಹೆಸರಿನ ಮುಂದೆ ಇದೆ, ಊರೊಳಗೆ ಮಾತ್ರ ನಾವಿಲ್ಲ, ಆಚೆ ಹಟ್ಟೀಲಿದ್ದೇವೆ. ಅಪ್ಪನ ಹೆಸರು ಕರಿಯನೋ ಕೆಂಚನೋ ಮಾರನೋ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರೆ ಹಿಂದಿನ ಬೆಂಚಿನಲ್ಲಿ ಕಿಸಕ್ ಅನ್ನುವ ಸದ್ದು. ನಮ್ಮ ಜೊತೆಯ ಒಬ್ಬ ಗೆಳೆಯ ಪೇಟೆಯಲ್ಲಿ ಬಾಡಿಗೆ ರೂಮು ಹುಡುಕುವಾಗ ತನ್ನ ಹೆಸರಿನ ತುದಿಗೆ ಮೇಲಿನವರ ಒಂದು ಬಾಲ ಅಂಟಿಸಿಕೊಂಡ. ರೂಮು ಸಿಕ್ಕಿತು. ಆರು ತಿಂಗಳು ಅವನು ನಮ್ಮನ್ನು ಆ ರೂಮಿಗೆ ಕರೆಯಲಿಲ್ಲ. ನಾವು ಬೈಯಲಿಲ್ಲ. ಬೈಯಬೇಕಾದ್ದು ಅವನನ್ನಲ್ಲ.

ಈ ವಿಷಯದಲ್ಲಿ ಮಾಲ್ಕಂ ಎಕ್ಸ್ ಹಿಡಿದ ದಾರಿ ಬೇರೆ. ಹುಟ್ಟಿದ ಹೆಸರು ಮಾಲ್ಕಂ ಲಿಟಲ್. ಲಿಟಲ್ ಅನ್ನೋದು ಯಾರೋ ಬಿಳಿ ಒಡೆಯ ತನ್ನ ಹಿರಿಯರ ಮೇಲೆ ಒತ್ತಿದ ಮುದ್ರೆ, ಕಳೆದುಹೋದ ಆಫ್ರಿಕದ ಹೆಸರು ಇನ್ನು ಸಿಕ್ಕುವುದಿಲ್ಲ ಅಂತ ಆ ಜಾಗದಲ್ಲಿ ಒಂದು ಎಕ್ಸ್ ಹಾಕಿಕೊಂಡ. ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಎಕ್ಸ್ ಇಷ್ಟ, ರೂಮಿನ ಗೋಡೆ ಮೇಲೆ ಬರೆದುಕೊಂಡವರಿದ್ದಾರೆ. ಆದರೆ ನೆನಪಿಡಿ, ಕೋಟ್ಯಂತರ ಜನ ಎಕ್ಸ್ ಹಾಕಿಕೊಳ್ಳಲಿಲ್ಲ. ಅವರು ವಾಷಿಂಗ್ಟನ್, ಜಾಕ್ಸನ್, ಜೆಫರ್ಸನ್ ಆಗಿಯೇ ಉಳಿದು ಆ ಹೆಸರನ್ನೇ ತಮ್ಮದು ಮಾಡಿಕೊಂಡರು. ಎಷ್ಟರಮಟ್ಟಿಗೆ ಅಂದರೆ ಈಗ ಆ ದೇಶದಲ್ಲಿ ವಾಷಿಂಗ್ಟನ್ ಅಂತ ಕೇಳಿದರೆ ನೌಕರಿಯ ಅರ್ಜಿ ನೋಡುವವನ ಕಣ್ಣಿಗೆ ಕರಿಯ ಮುಖ ಬರುತ್ತದೆ.

ಈಗ ಮೇಯರುಗಳ ವಿಚಾರ.

ವಾಲ್ಟರ್ ವಾಷಿಂಗ್ಟನ್ 1915ರಲ್ಲಿ ಜಾರ್ಜಿಯಾದ ಡಾಸನ್ ಎಂಬ ಊರಲ್ಲಿ ಹುಟ್ಟಿದವನು. ಗುಲಾಮನ ಮರಿಮಗ. ರಾಜಧಾನಿಯ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ. ವಸತಿ ಇಲಾಖೆಯಲ್ಲಿ ಕೆಲಸ, ಬಡವರ ಮನೆಗಳ ವ್ಯವಹಾರ. 1967ರಲ್ಲಿ ಅಧ್ಯಕ್ಷ ಜಾನ್ಸನ್ ಅವನನ್ನು ರಾಜಧಾನಿಯ ಮೇಯರ್-ಕಮಿಷನರ್ ಆಗಿ ನೇಮಿಸಿದ. ನೇಮಿಸಿದ, ಜನ ಆರಿಸಲಿಲ್ಲ. ಯಾಕೆಂದರೆ 1874ರಿಂದ ಆ ನಗರದ ಜನಕ್ಕೆ ತಮ್ಮ ಆಡಳಿತವನ್ನು ಆರಿಸುವ ಹಕ್ಕೇ ಇರಲಿಲ್ಲ. ಪ್ರಜಾಪ್ರಭುತ್ವದ ಗುಡಿ ಅಂತ ಲೋಕಕ್ಕೆಲ್ಲ ತೋರಿಸುವ ಊರು! 1960ರ ಜನಗಣತಿಯ ಹೊತ್ತಿಗೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಕರಿಯರು. ಅಷ್ಟು ಜನರ ಕಸ, ನೀರು, ಶಾಲೆ, ಪೋಲೀಸು ಎಲ್ಲದರ ಬೀಗದ ಕೈ ಸಂಸತ್ತಿನ ಒಂದು ಸಮಿತಿಯ ಕೈಯಲ್ಲಿ. ಅದರ ಅಧ್ಯಕ್ಷ ಸೌತ್ ಕೆರೊಲಿನಾದ ಜಾನ್ ಮ್ಯಾಕ್‌ಮಿಲನ್ ಎಂಬ ಬಿಳಿಯ.

ವಾಲ್ಟರ್ ತನ್ನ ಮೊದಲ ಬಜೆಟ್ಟನ್ನು ಆ ಸಮಿತಿಗೆ ಕಳಿಸಿದ. ಮ್ಯಾಕ್‌ಮಿಲನ್ ಉತ್ತರವಾಗಿ ಒಂದು ಲಾರಿ ಕಲ್ಲಂಗಡಿ ಹಣ್ಣು ಕಳಿಸಿದ. ಕಲ್ಲಂಗಡಿ ಅಂದರೆ ನಮಗೆ ಬೇಸಿಗೆಯ ಹಣ್ಣು, ಅಷ್ಟೆ. ಅಲ್ಲಿ ಅದು ಬೈಗುಳ. ಕರಿಯನಿಗೆ ಕಲ್ಲಂಗಡಿ ಕೊಟ್ಟರೆ ಸಾಕು, ಹಲ್ಲು ಕಿರಿದುಕೊಂಡು ಬಿದ್ದಿರುತ್ತಾನೆ ಅನ್ನುವುದು ಬಿಳಿಯರು ತಲೆಮಾರುಗಳಿಂದ ಕಟ್ಟಿದ ಚಿತ್ರ. ಬಜೆಟ್ ಬರೆದವನಿಗೆ ಹಣ್ಣು ಕಳಿಸುವುದು ಅಂದರೆ ಮುಖಕ್ಕೆ ಉಗಿದ ಹಾಗೆ. ಕುರ್ಚಿ ಮೇಲೆ ಕೂರಿಸಿ ತೆಂಗಿನ ಚಿಪ್ಪಿನಲ್ಲಿ ಟೀ ಕೊಟ್ಟ ಹಾಗೆ ಅಂದರೆ ನಿಮಗೆ ತಕ್ಷಣ ತಿಳಿಯುತ್ತದೆ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದರು. ನೂರಾರು ಊರುಗಳಲ್ಲಿ ಬೆಂಕಿ. ರಾಜಧಾನಿಯಲ್ಲೂ ಬೀದಿಗಳೇ ಹೊತ್ತಿ ಉರಿದವು. ಎಫ್‌ಬಿಐನ ಮುಖ್ಯಸ್ಥ ಹೂವರ್, ಆ ದೇಶದಲ್ಲಿ ಅಧ್ಯಕ್ಷರೂ ಹೆದರುತ್ತಿದ್ದ ಮನುಷ್ಯ, ಲೂಟಿ ಮಾಡುವವರಿಗೆ ಗುಂಡು ಹಾಕಿಸು ಅಂತ ವಾಲ್ಟರನಿಗೆ ಹೇಳಿದ. ವಾಲ್ಟರ್ ಒಪ್ಪಲಿಲ್ಲ. ಬೀದಿಗೆ ಇಳಿದು ನಡೆದು, ಹುಡುಗರಿಗೆ ಮನೆಗೆ ಹೋಗಿ ಅಂತ ಹೇಳಿದ. ಅಂಗಡಿ ಮತ್ತೆ ಕಟ್ಟಬಹುದು ಅನ್ನುವುದು ಅವನ ಲೆಕ್ಕ.

ಇದೇ ಏಪ್ರಿಲ್ ತಿಂಗಳು, ಇದೇ ಬೆಂಕಿ, ಷಿಕಾಗೋ. ಅಲ್ಲಿನ ಮೇಯರ್ ರಿಚರ್ಡ್ ಜೆ. ಡೇಲಿ. ಗಲಾಟೆ ತಣ್ಣಗಾದ ಮೇಲೆ, ಏಪ್ರಿಲ್ 15ರಂದು, ಪತ್ರಿಕೆಯವರ ಮುಂದೆ ನಿಂತು ಬೆಂಕಿ ಹಚ್ಚುವವರನ್ನು ಕೊಲ್ಲುವಂತೆ, ಲೂಟಿ ಮಾಡುವವರನ್ನು ಕೈಕಾಲು ಹೋಗುವಂತೆ ಸುಡಬೇಕಿತ್ತು ಅಂದ. ಪೋಲೀಸ್ ಮುಖ್ಯಸ್ಥ ಹಾಗೆ ಆಜ್ಞೆ ಕೊಡಲಿಲ್ಲ ಅನ್ನೋದೇ ಅವನ ದೂರು. ಆಮೇಲೆ ಮಾತನ್ನು ತಿರುಚಿ ತಪ್ಪಿಸಿಕೊಳ್ಳಲು ನೋಡಿದ. ಬಾಯಿಂದ ಬಂದದ್ದು ಬಂದಾಗಿತ್ತು.

ಇಲ್ಲಿ ಇನ್ನೊಂದು ಹೆಸರಿನ ಕತೆ ಶುರುವಾಗುತ್ತದೆ. ಡೇಲಿ ಕೂಡ ಒಂದು ಕಾಲಕ್ಕೆ ತುಳಿಸಿಕೊಂಡವರ ಹೆಸರೇ. ಐರ್ಲೆಂಡಿನಿಂದ ಹಸಿದು ಬಂದ ಜನ. ಅಮೆರಿಕದಲ್ಲಿ ಐರಿಷರಿಗೆ ಕೆಲಸವಿಲ್ಲ ಅಂತ ಜಾಹೀರಾತು ಹಾಕುತ್ತಿದ್ದ ದಿನಗಳಿದ್ದವು. ಕಸಾಯಿಖಾನೆಯ ಪಕ್ಕ ಬ್ರಿಜ್‌ಪೋರ್ಟ್ ಅನ್ನುವ ಬಡಾವಣೆ, ದುಡಿಯುವ ಜನ. ಮೇಲೆ ಹತ್ತಿದರು, ಏಣಿ ಎಳೆದುಕೊಂಡರು. 1919ರಲ್ಲಿ ಷಿಕಾಗೋದಲ್ಲಿ ಜನಾಂಗ ಗಲಭೆಯಾಗಿ 38 ಜನ ಸತ್ತರು, ಅವರಲ್ಲಿ 23 ಜನ ಕರಿಯರು. ಆಗ ಕರಿಯರ ಮೇಲೆ ಬಿದ್ದ ಗುಂಪುಗಳಲ್ಲಿ ಬ್ರಿಜ್‌ಪೋರ್ಟಿನ ಹ್ಯಾಂಬರ್ಗ್ ಕ್ಲಬ್ಬಿನ ಹೆಸರು ಕೇಳಿಬಂತು. 17 ವರ್ಷದ ಡೇಲಿ ಆ ಕ್ಲಬ್ಬಿನ ಸದಸ್ಯ. ಮುಂದೆ ಅದರ ಅಧ್ಯಕ್ಷನೂ ಆದ. ಆ ದಿನಗಳಲ್ಲಿ ನೀನೆಲ್ಲಿದ್ದೆ ಅನ್ನುವ ಪ್ರಶ್ನೆಗೆ ಸಾಯುವತನಕ ಸರಿಯಾಗಿ ಬಾಯಿ ಬಿಡಲಿಲ್ಲ. ತುಳಿಸಿಕೊಂಡವರೆಲ್ಲ ತುಳಿತಕ್ಕೊಳಗಾದವರ ಜೊತೆ ನಿಲ್ಲುತ್ತಾರೆ ಅನ್ನೋ ಭ್ರಮೆ ಇದ್ದವರು ಈ ಹೆಸರನ್ನು ಬಾಯಿಪಾಠ ಮಾಡಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಹಟ್ಟಿಗೆ ಬೆಂಕಿ ಇಡಲು ಬರುವವರು ಯಾವಾಗಲೂ ಬ್ರಾಹ್ಮಣರೇ ಅಲ್ಲ ಅಂತ ನಿಮಗೇನು ಹೇಳಬೇಕಾಗಿಲ್ಲ.

ಅಪ್ಪ ಡೇಲಿ 1955ರಿಂದ 1976ರಲ್ಲಿ ಸಾಯುವತನಕ ಮೇಯರ್. 21 ವರ್ಷ. ಪಕ್ಷವೂ ಅವನದೇ, ನಗರಸಭೆಯೂ ಅವನದೇ. ವಾರ್ಡಿಗೊಬ್ಬ ಪುಢಾರಿ, ಬೂತಿಗೊಬ್ಬ ಕ್ಯಾಪ್ಟನ್. ಓಟು ತಂದರೆ ನೌಕರಿ, ತರದಿದ್ದರೆ ಮನೆಗೆ. ಕರಿಯರ ವಾರ್ಡುಗಳ ಓಟೂ ಈ ಯಂತ್ರಕ್ಕೇ ಬೀಳುತ್ತಿತ್ತು. ಕರಿಯ ಪುಢಾರಿಗಳೂ ಇದ್ದರು, ತಲೆ ಅಲ್ಲಾಡಿಸಲು. ಓಟು ಹಾಕಿದವರಿಗೆ ಸಿಕ್ಕಿದ್ದೇನು? 1962ರಲ್ಲಿ ಮುಗಿದ ರಾಬರ್ಟ್ ಟೇಲರ್ ಹೋಮ್ಸ್. ಒಂದೊಂದೂ 16 ಅಂತಸ್ತಿನ 28 ಕಟ್ಟಡಗಳು, ಹೆದ್ದಾರಿಯ ಪಕ್ಕ ಸಾಲಾಗಿ. ಊರಾಚೆಯ ಕೇರಿಯನ್ನು ಎತ್ತಿ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. 1969ರ ಡಿಸೆಂಬರ್ 4ರಂದು ಇದೇ ಊರಲ್ಲಿ ಬ್ಲ್ಯಾಕ್ ಪ್ಯಾಂಥರ್ ಫ್ರೆಡ್ ಹ್ಯಾಂಪ್ಟನ್ನನನ್ನು ಪೋಲೀಸರು ಬೆಳಗಿನ ಜಾವ ಮನೆಗೆ ನುಗ್ಗಿ ಕೊಂದರು. ಅವನಿಗೆ ಆಗ 21 ವರ್ಷ. ನಮ್ಮಲ್ಲಿ ಅನೇಕರ ವಯಸ್ಸು. ಮೂರು ವರ್ಷ ಆದಮೇಲೆ, 1972ರಲ್ಲಿ, ಬೊಂಬಾಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟಾಗ ತೆಗೆದುಕೊಂಡದ್ದು ಆ ಪ್ಯಾಂಥರನ್ನೇ. ಅದೂ ಎತ್ತಿಕೊಂಡ ಹೆಸರೇ ನೋಡಿ.

ವಾಲ್ಟರನ ಕತೆ ಮುಗಿಸಿಬಿಡೋಣ. 1973ರಲ್ಲಿ ಸಂಸತ್ತು ಕಾನೂನು ಮಾಡಿತು, 1974ರಲ್ಲಿ ಚುನಾವಣೆಯಾಯಿತು, ನೂರು ವರ್ಷದ ಮೇಲೆ ಆ ನಗರ ಆರಿಸಿದ ಮೊದಲ ಮೇಯರ್ ವಾಲ್ಟರ್ ವಾಷಿಂಗ್ಟನ್. 1975ರ ಜನವರಿಯಲ್ಲಿ ಪ್ರಮಾಣವಚನ. 1978ರಲ್ಲಿ ಮೇರಿಯನ್ ಬ್ಯಾರಿಯ ಎದುರು ಸೋತ. ಮೆತ್ತಗಿನ ಮನುಷ್ಯ, ಮೇಲಿನವರನ್ನು ಎದುರು ಹಾಕಿಕೊಳ್ಳುವುದಿಲ್ಲ ಅಂತ ಹುಡುಗರಿಗೆ ಅವನ ಮೇಲೆ ಸಿಟ್ಟಿತ್ತು. ನಮಗೂ ಓದುವಾಗ ಕೆಲವು ಕಡೆ ಸಿಟ್ಟು ಬಂತು. ಆದರೆ ಹೂವರನಿಗೆ ಇಲ್ಲ ಅಂದ ಆ ಒಂದು 'ಇಲ್ಲ' ಸಣ್ಣದಲ್ಲ.

ಹೆರಾಲ್ಡ್ ವಾಷಿಂಗ್ಟನ್ ಇವನಿಗೆ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. 1922ರಲ್ಲಿ ಷಿಕಾಗೋದಲ್ಲೇ ಹುಟ್ಟಿದ. ಅಪ್ಪ ವಕೀಲ, ಪಾದ್ರಿ, ಜೊತೆಗೆ ಡೆಮಾಕ್ರಟಿಕ್ ಪಕ್ಷದ ಬೂತ್ ಕ್ಯಾಪ್ಟನ್. ಅಂದರೆ ಹೆರಾಲ್ಡ್ ಹುಟ್ಟಿ ಬೆಳೆದದ್ದೇ ಆ ಯಂತ್ರದ ಹೊಟ್ಟೆಯೊಳಗೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದ, ಬಂದು ರೂಸ್‌ವೆಲ್ಟ್ ಕಾಲೇಜು ಸೇರಿ ವಿದ್ಯಾರ್ಥಿ ಸಂಘದ ಅಧ್ಯಕ್ಷನಾದ, 1952ರಲ್ಲಿ ಕಾನೂನು ಪದವಿ. ಆ ತರಗತಿಯಲ್ಲಿ ಅವನೊಬ್ಬನೇ ಕರಿಯ. ರಾಜ್ಯದ ಶಾಸನಸಭೆಗೆ ಹೋದ, ಮೆಲ್ಲಮೆಲ್ಲಗೆ ಯಂತ್ರದಿಂದ ಹೊರಬಿದ್ದ. ತಪ್ಪುಗಳಿಲ್ಲದ ಮನುಷ್ಯನಲ್ಲ. ಆದಾಯ ತೆರಿಗೆಯ ಲೆಕ್ಕ ಸಲ್ಲಿಸದ ಕೇಸಿನಲ್ಲಿ ಒಂದು ತಿಂಗಳ ಮೇಲೆ ಜೈಲಿನಲ್ಲಿದ್ದ. ನಾಯಕರಿಗೆ ದೇವರ ಪಟ ಕಟ್ಟುವ ಚಟ ನಮ್ಮವರಿಗೂ ಅಂಟಿರೋದರಿಂದ ಇದನ್ನು ಹೇಳಿದೆವು. ಅಪ್ಪ ಡೇಲಿ ಸತ್ತ ಮೇಲೆ 1977ರಲ್ಲಿ ಮೇಯರ್ ಸ್ಥಾನಕ್ಕೆ ನಿಂತ. ಪಕ್ಷದೊಳಗಿನ ಚುನಾವಣೆಯಲ್ಲಿ ನೂರಕ್ಕೆ 11 ಓಟು. ಅಷ್ಟೆ.

ಆರು ವರ್ಷದಲ್ಲಿ ಏನು ಬದಲಾಯಿತು? ಹೆಸರು ಬದಲಾಗಲಿಲ್ಲ, ಬಣ್ಣ ಬದಲಾಗಲಿಲ್ಲ. ಬದಲಾದದ್ದು ಮತದಾರರ ಪಟ್ಟಿ. ಈ ಭಾಗವನ್ನು ನಿಧಾನವಾಗಿ ಓದಿ ಗೆಳೆಯರೇ. ಕಾರ್ಯಕರ್ತರು ಮತ್ತೆ ನಿಲ್ಲು ಅಂತ ಬಂದಾಗ ಹೆರಾಲ್ಡ್, ಮೊದಲು 50,000 ಹೊಸ ಮತದಾರರನ್ನು ಪಟ್ಟಿಗೆ ಸೇರಿಸಿ, ಆಮೇಲೆ ಮಾತಾಡೋಣ ಅಂದ. ಬಹುಶಃ ಆಗದ ಮಾತು ಅಂತ ತಪ್ಪಿಸಿಕೊಳ್ಳಲು ಹೇಳಿದನೋ ಏನೋ. ಅವರು ಹೋದರು. ಸರ್ಕಾರದ ಸಹಾಯಧನದ ಚೀಟಿಗೆ ಹೆಂಗಸರು ಸಾಲು ನಿಲ್ಲುವ ಕಛೇರಿಗಳ ಮುಂದೆ ಮೇಜು ಹಾಕಿದರು. ಚರ್ಚುಗಳ ಬಾಗಿಲಲ್ಲಿ, ಸರ್ಕಾರಿ ವಸತಿಗಳ ಮೆಟ್ಟಿಲ ಮೇಲೆ. ಕರಿಯರ ರೇಡಿಯೋದಲ್ಲಿ ದಿನವೂ ಅದೇ ಮಾತು. 1982ರ ಕೊನೆಯ ಹೊತ್ತಿಗೆ ಸೇರಿದ ಹೊಸ ಮತದಾರರು ಒಂದು ಲಕ್ಷಕ್ಕೂ ಮೀರಿ. ಹೆರಾಲ್ಡನಿಗೆ ಇನ್ನು ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ.

1983ರ ಫೆಬ್ರವರಿ 22, ಪಕ್ಷದೊಳಗಿನ ಚುನಾವಣೆ. ಎದುರಿಗೆ ಆಗಿನ ಮೇಯರ್ ಜೇನ್ ಬರ್ನ್, ಮತ್ತು ಮಗ ಡೇಲಿ, ಅಂದರೆ ರಿಚರ್ಡ್ ಎಂ. ಡೇಲಿ. ಅಪ್ಪನ ಹೆಸರಿನಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸ. ಬಿಳಿಯರ ಓಟು ಇಬ್ಬರ ನಡುವೆ ಒಡೆಯಿತು. ಹೆರಾಲ್ಡ್ ನೂರಕ್ಕೆ 36ರಷ್ಟು ತೆಗೆದುಕೊಂಡು ಗೆದ್ದ. ಷಿಕಾಗೋದಲ್ಲಿ 1931ರಿಂದ ಡೆಮಾಕ್ರಟಿಕ್ ಟಿಕೆಟ್ ಸಿಕ್ಕಿದವನೇ ಮೇಯರ್. ಈ ಸಲ ಮಾತ್ರ ಹಾಗಾಗಲಿಲ್ಲ. ಹುಟ್ಟಾ ಡೆಮಾಕ್ರಟರಾದ ಬಿಳಿ ಪುಢಾರಿಗಳು ರಾತ್ರೋರಾತ್ರಿ ರಿಪಬ್ಲಿಕನ್ ಎಪ್ಟನ್ನನ ಹಿಂದೆ ನಿಂತರು. ಅವನ ಘೋಷಣೆ, ಕಾಲ ಮಿಂಚುವ ಮುನ್ನ. ಯಾವ ಕಾಲ, ಏನು ಮಿಂಚೋದು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗರಿಗಳ ಭಾನುವಾರದಂದು ಬಿಳಿಯರ ಬಡಾವಣೆಯ ಒಂದು ಚರ್ಚಿಗೆ ಹೆರಾಲ್ಡ್ ಹೋದಾಗ, ಚರ್ಚಿನ ಬಾಗಿಲ ಮೇಲೆಯೇ ಬಣ್ಣದ ಬೈಗುಳ ಸೇರಿಸಿ ಸಾಯಿ ಅಂತ ಬರೆದಿದ್ದರು. ಹೊರಗೆ ಗುಂಪು ಕೂಗಾಡುತ್ತಿತ್ತು. ಏಸುವಿನ ಮನೆಯ ಬಾಗಿಲು, ಏಸುವಿನ ಹಬ್ಬದ ದಿನ. ಗುಡಿಯ ಬಾಗಿಲು ಎಲ್ಲ ಕಡೆ ಒಂದೇ ಮರದ್ದು ಅಂತ ಕಾಣುತ್ತದೆ.

ಏಪ್ರಿಲ್ 12ರಂದು ಹೆರಾಲ್ಡ್ ಸುಮಾರು 48,000 ಓಟಿನಿಂದ ಗೆದ್ದ. ಹನ್ನೆರಡು ಮುಕ್ಕಾಲು ಲಕ್ಷದ ಮೇಲೆ ಓಟು ಬಿದ್ದ ಚುನಾವಣೆಯಲ್ಲಿ 48,000. ಆ ಒಂದು ಲಕ್ಷ ಹೊಸಬರನ್ನು ಪಟ್ಟಿಯಿಂದ ಕಳೆದು ನೋಡಿ.

ಗೆದ್ದ ಮೇಲೆ? ನಗರಸಭೆಯಲ್ಲಿ 50 ಜನ. ವರ್ಡೋಲ್ಯಾಕ್ ಎಂಬುವನ ಹಿಂದೆ 29, ಮೇಯರನ ಹಿಂದೆ 21. ಆ 21ರಲ್ಲಿ ಒಬ್ಬ ಬಾಬಿ ರಷ್, ಹ್ಯಾಂಪ್ಟನ್ನನ ಜೊತೆಗಿದ್ದ ಪ್ಯಾಂಥರ್. ಎಲ್ಲ ಸಮಿತಿಗಳನ್ನೂ 29 ಜನ ಹಂಚಿಕೊಂಡರು. ಮೇಯರ್ ತಂದದ್ದಕ್ಕೆಲ್ಲ ಅಡ್ಡ. ಅವರು ತಂದದ್ದಕ್ಕೆ ಮೇಯರನ ವೀಟೋ. ವೀಟೋ ಮುರಿಯಲು 34 ಬೇಕು, ಅಷ್ಟು ಅವರಲ್ಲಿಲ್ಲ. ಮೂರು ವರ್ಷ ಹೀಗೇ ನಡೆಯಿತು. ಕುರ್ಚಿ ನಮ್ಮದು, ಮೇಜು ಅವರದು. ಕುರ್ಚಿ ಸಿಕ್ಕರೆ ಎಲ್ಲ ಸಿಕ್ಕಿತು ಅನ್ನುವ ಗೆಳೆಯರು ಇದನ್ನು ನೋಡಬೇಕು. ಕುರ್ಚಿಯಿಂದ ಏನೂ ಆಗೋದಿಲ್ಲ ಅನ್ನುವ ಗೆಳೆಯರು ಮುಂದಿನದನ್ನೂ ನೋಡಬೇಕು. ವಾರ್ಡಿನ ಗಡಿಗಳನ್ನು ಕರಿಯರಿಗೂ ಸ್ಪ್ಯಾನಿಷ್ ಮಾತಿನ ಜನಕ್ಕೂ ಅನ್ಯಾಯವಾಗುವಂತೆ ಗೀಚಿದ್ದಾರೆ ಅಂತ ಕೋರ್ಟಿನಲ್ಲಿ ಸಾಬೀತಾಗಿ, 1986ರಲ್ಲಿ ಏಳು ವಾರ್ಡುಗಳಿಗೆ ಮರುಚುನಾವಣೆಯಾಯಿತು. 25ಕ್ಕೆ 25. ನಿರ್ಣಾಯಕ ಓಟು ಮೇಯರನದು. ಅದಕ್ಕೂ ಮುಂಚೆಯೇ, 1985ರಲ್ಲಿ, ನಗರದ ಗುತ್ತಿಗೆಗಳಲ್ಲಿ ನೂರಕ್ಕೆ 25 ಅಲ್ಪಸಂಖ್ಯಾತ ಜನಾಂಗಗಳಿಗೆ, 5 ಹೆಂಗಸರಿಗೆ ಅಂತ ತನ್ನ ಆಜ್ಞೆಯಿಂದಲೇ ಇಟ್ಟಿದ್ದ. ಓಟು ತಂದವನಿಗೆ ನೌಕರಿ ಅನ್ನುವ ಪದ್ಧತಿಯ ವಿರುದ್ಧದ ಕೋರ್ಟ್ ಒಪ್ಪಂದಕ್ಕೂ ಸಹಿ ಹಾಕಿದ. ತನ್ನ ಪುಢಾರಿಗಳಿಗೇ ಅದು ಹಿಡಿಸಲಿಲ್ಲ. ಈಗಲಾದರೂ ನಮ್ಮ ಸರದಿ ಬರಬೇಡವೇ ಅಂತ ಅವರು. ಈ ಜಗಳ ನಮಗೆ ಹೊಸದಲ್ಲ.

1987ರ ಏಪ್ರಿಲ್‌ನಲ್ಲಿ ಮತ್ತೆ ಗೆದ್ದ. ನವೆಂಬರ್ 25ರಂದು ತನ್ನ ಕಛೇರಿಯ ಮೇಜಿನ ಮುಂದೆ ಕೂತಿದ್ದ ಹಾಗೆಯೇ ಎದೆ ಒಡೆದು ಸತ್ತ. 65 ವರ್ಷ. ವಾರ ಮುಗಿಯುವುದರೊಳಗೆ ಅವನ ಹಿಂದಿದ್ದವರು ಎರಡಾಗಿ ಒಡೆದರು. ಒಬ್ಬ ಕರಿಯನನ್ನು, ಯುಜೀನ್ ಸಾಯರನನ್ನು, ಹೆಚ್ಚಾಗಿ ಬಿಳಿಯರ ಓಟಿನಿಂದಲೇ ಮೇಯರ್ ಮಾಡಿದರು. ಹೊರಗೆ ಸಾವಿರಾರು ಜನ ಬೇಡ ಬೇಡ ಅಂತ ಕೂಗುತ್ತಿದ್ದರು. 1989ರಲ್ಲಿ ಮಗ ಡೇಲಿ ಗೆದ್ದ. 2011ರವರೆಗೆ, 22 ವರ್ಷ. ಅಪ್ಪ ಕಟ್ಟಿಸಿದ ಆ 28 ಕಟ್ಟಡಗಳನ್ನು ಮಗನ ಕಾಲದಲ್ಲಿ ಒಡೆದು ಹಾಕಿದರು. ಅಪ್ಪ ತುಂಬಿದ, ಮಗ ಖಾಲಿ ಮಾಡಿಸಿದ. ಡೇಲಿ ಅನ್ನುವ ಹೆಸರು ಮನೆಯ ಆಸ್ತಿಯ ಹಾಗೆ ಅಪ್ಪನಿಂದ ಮಗನಿಗೆ ಬಂತು. ವಾಷಿಂಗ್ಟನ್ ಅನ್ನುವ ಹೆಸರು ವಾಲ್ಟರನಿಂದ ಹೆರಾಲ್ಡನಿಗೆ ಬರಲಿಲ್ಲ, ಹೆರಾಲ್ಡನಿಂದ ಯಾರಿಗೂ ಹೋಗಲಿಲ್ಲ. ಅವನಿಗೆ ಮಕ್ಕಳಿರಲಿಲ್ಲ. 1991ರಲ್ಲಿ ತೆರೆದ ಷಿಕಾಗೋದ ದೊಡ್ಡ ಸಾರ್ವಜನಿಕ ಲೈಬ್ರರಿಗೆ ಅವನ ಹೆಸರಿದೆ.

ಒಂದೇ ಹೆಸರಿನ ಮೇಯರುಗಳು ಇನ್ನೂ ಇದ್ದರು. ಡೆಟ್ರಾಯಿಟಿನಲ್ಲಿ ಕೋಲ್ಮನ್ ಯಂಗ್, ಅಟ್ಲಾಂಟಾದಲ್ಲಿ ಆಂಡ್ರೂ ಯಂಗ್. ಅದೇ ಅಟ್ಲಾಂಟಾದಲ್ಲಿ ಮೇನಾರ್ಡ್ ಜಾಕ್ಸನ್, ಕ್ಲೀವ್‌ಲೆಂಡಿನಲ್ಲಿ ಫ್ರಾಂಕ್ ಜಾಕ್ಸನ್. ಎಲ್ಲರೂ ಕರಿಯರು, ಯಾರೂ ಯಾರಿಗೂ ನೆಂಟರಲ್ಲ. ಜಾಕ್ಸನ್ ಅನ್ನುವುದೂ ಗುಲಾಮರನ್ನಿಟ್ಟುಕೊಂಡಿದ್ದ ಒಬ್ಬ ಅಧ್ಯಕ್ಷನ ಹೆಸರೇ. ಗೈಡಿನ ಗೆಳೆಯ ಇಷ್ಟನ್ನೂ ಬರೆದುಕೊಂಡ, ಪರೀಕ್ಷೆಗೆ ಬಂದರೂ ಬರಬಹುದು ಅಂತ.

ಇಷ್ಟೆಲ್ಲ ಓದಿಯಾದ ಮೇಲೆ ಮತ್ತೊಂದು ರಾತ್ರಿ ಅದೇ ರೂಮಿನಲ್ಲಿ ಕೂತಿದ್ದಾಗ ಆ ಮೂಲೆಯ ಹುಡುಗ, 'ನಮ್ಮಲ್ಲಿ ಎಷ್ಟು ಜನದ ಹೆಸರು ಮತದಾರರ ಪಟ್ಟೀಲಿದೆ?' ಅಂದ. ಎಣಿಸಿದೆವು. 14 ಜನ ಇದ್ದೆವು, ಎಲ್ಲರಿಗೂ 18 ದಾಟಿದೆ. ಐದು ಜನರದ್ದು ಇತ್ತು. ಅದರಲ್ಲಿ ಇಬ್ಬರ ಅಪ್ಪಂದಿರ ಹೆಸರು ತಪ್ಪಾಗಿ ಅಚ್ಚಾಗಿತ್ತು.